ಪೆಂಗ್ವಿನ್ ಪ್ಯಾಕೇಜನ್ನು ಅಳಿಸಿಬಿಡಬಹುದೇ?

ಮಕ್ಕಳೇ, ಅಂಟಾರ್ಕ್ಟಿಕಾದಲ್ಲಿ ಪಾಮರ್ ಸ್ಟೇಷನ್ ಅಂತ ಅಮೆರಿಕದವರ ಒಂದು ಸಂಶೋಧನಾ ಕೇಂದ್ರವಿದೆ. ಅದರ ಆಸುಪಾಸಿನಲ್ಲಿ ಟಾರ್ಗರ್ಸನ್, ಬಿಸ್ಕೋ, ಡ್ರೀಮ್ ಎಂಬ ದ್ವೀಪಗಳಿವೆ. 2007ರಿಂದ 2009ರವರೆಗೆ ಕ್ರಿಸ್ಟನ್ ಗೋರ್ಮನ್ ಎಂಬ ವಿಜ್ಞಾನಿಯೂ ಅವರ ಜೊತೆಗಾರರೂ ಆ ದ್ವೀಪಗಳ ಪೆಂಗ್ವಿನ್‌ಗಳನ್ನು ಒಂದೊಂದಾಗಿ ಅಳೆದರು. ಕೊಕ್ಕು ಎಷ್ಟು ಉದ್ದ, ಎಷ್ಟು ದಪ್ಪ, ಈಜಲು ಬಳಸುವ ರೆಕ್ಕೆ ಎಷ್ಟು ಉದ್ದ, ಹಕ್ಕಿಯ ತೂಕ ಎಷ್ಟು ಎಂದು ಬರೆದಿಟ್ಟುಕೊಂಡರು. ಒಟ್ಟು 344 ಹಕ್ಕಿಗಳು. ಅವುಗಳಲ್ಲಿ ಅಡೆಲಿ ಜಾತಿಯವು 152, ಜೆಂಟೂ 124, ಚಿನ್‌ಸ್ಟ್ರ್ಯಾಪ್ 68. ಆ ಕೊರೆಯುವ ಚಳಿಯಲ್ಲಿ ಬರೆದಿಟ್ಟ ಅಂಕಿಗಳನ್ನು ಇವತ್ತು ಯಾವ ಊರಿನ ಹುಡುಗಿ ಬೇಕಾದರೂ ತನ್ನ ಕಂಪ್ಯೂಟರಿನಲ್ಲಿ ಬಿಡಿಸಿ ನೋಡಬಹುದು. ನನಗೆ ಇದು ಈಗಲೂ ಆಶ್ಚರ್ಯದ ಸಂಗತಿಯೇ.

ಹಾಗೆ ನೋಡಲು ಒಂದು ದಾರಿ ‘ಆರ್’. ಲೆಕ್ಕ ಹಾಕುವುದಕ್ಕೆ, ಅಂಕಿಅಂಶಗಳಿಂದ ಚಿತ್ರ ಬರೆಯುವುದಕ್ಕೆ ಮಾಡಿದ ಕಂಪ್ಯೂಟರ್ ಭಾಷೆ ಅದು. ನಿಮ್ಮ ಅಕ್ಕನೋ ಅಣ್ಣನೋ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದರೆ ಅವರನ್ನು ಕೇಳಿ, ಹೆಸರು ಗೊತ್ತಿರುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ಮೇಷ್ಟ್ರುಗಳು 1990ರ ದಶಕದ ಆರಂಭದಲ್ಲಿ ಇದನ್ನು ಶುರುಮಾಡಿದರು. ಇದರ 1.0 ಆವೃತ್ತಿ ಹೊರಬಂದದ್ದು 2000ದ ಫೆಬ್ರವರಿ 29ರಂದು. ಆರ್‌ಗೆ ದುಡ್ಡು ಕೊಡಬೇಕಾಗಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಯಾರು ಬೇಕಾದರೂ ಅದಕ್ಕೆ ಹೊಸದನ್ನು ಸೇರಿಸಬಹುದು.

ಹೊಸದನ್ನು ಸೇರಿಸುವುದು ಹೇಗೆ? ಪ್ಯಾಕೇಜಿನ ರೂಪದಲ್ಲಿ. ಯಾರೋ ಒಬ್ಬರು ನಕ್ಷೆ ಬರೆಯುವ ಉಪಾಯ ಕಂಡುಹಿಡಿದರು ಅನ್ನಿ. ಅದನ್ನು ಪ್ಯಾಕೇಜು ಮಾಡಿ ಎಲ್ಲರಿಗೂ ಕೊಡುತ್ತಾರೆ. ಇಂಥವನ್ನೆಲ್ಲ ಒಂದೇ ಕಡೆ ಇಡಲು 1997ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಕುರ್ಟ್ ಹಾರ್ನಿಕ್ ಮತ್ತು ಫ್ರಿಟ್ಸ್ ಲೈಷ್ ‘ಕ್ರಾನ್’ ಎಂಬ ಭಂಡಾರ ತೆರೆದರು. ಈಗ ಅಲ್ಲಿ 20,000ಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಪೆಂಗ್ವಿನ್ ಅಳತೆಗಳು ಕೂಡ 2020ರಲ್ಲಿ ‘ಪಾಮರ್‌ಪೆಂಗ್ವಿನ್ಸ್’ ಎಂಬ ಹೆಸರಿನ ಪ್ಯಾಕೇಜಾಗಿ ಅಲ್ಲಿಗೆ ಬಂದವು.

ಅಲ್ಲಿಂದ ತರುವುದು ಸುಲಭ. ‘ಇನ್‌ಸ್ಟಾಲ್ ಡಾಟ್ ಪ್ಯಾಕೇಜಸ್’ ಎಂಬ ಕಮಾಂಡು ಕೊಟ್ಟು, ಕಂಸದೊಳಗೆ ಉದ್ಧರಣ ಚಿಹ್ನೆಗಳ ನಡುವೆ ಪ್ಯಾಕೇಜಿನ ಹೆಸರು ಬರೆದರೆ ಸಾಕು. (ಕಮಾಂಡುಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಓದಲು ಅನುಕೂಲವಾಗಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ತರುವುದು ಸುಲಭವಾಗಿರುವುದರಿಂದಲೇ ಕಂಪ್ಯೂಟರು ತುಂಬಿಹೋಗುತ್ತದೆ. ಇವತ್ತು ಒಂದು ಬೇಕೆನಿಸುತ್ತದೆ, ನಾಳೆ ಇನ್ನೊಂದು. ವರ್ಷ ಕಳೆಯುವಷ್ಟರಲ್ಲಿ ನೂರಾರು ಪ್ಯಾಕೇಜುಗಳು ಕೂತಿರುತ್ತವೆ, ಅರ್ಧಕ್ಕರ್ಧ ಏಕೆ ಬಂದವೆಂದೇ ನೆನಪಿರುವುದಿಲ್ಲ. ಆಗ ‘ಎಲ್ಲ ಗುಡಿಸಿ ಹಾಕೋಣ’ ಅನ್ನಿಸುವುದು ಸಹಜ. ಗುಡಿಸಲು ಕೈಹಾಕುವ ಮೊದಲು ಒಂದು ಪ್ಯಾಕೇಜನ್ನು ಹತ್ತಿರದಿಂದ ನೋಡಿಬಿಡೋಣ.

ಕಂಪ್ಯೂಟರಿನಲ್ಲಿ ನೋಡಿದರೆ ಪ್ಯಾಕೇಜು ಎಂದರೆ ಒಂದು ಫೋಲ್ಡರು, ಅಷ್ಟೇ. ಇಂಥ ಫೋಲ್ಡರುಗಳನ್ನೆಲ್ಲ ಇಟ್ಟುಕೊಂಡಿರುವ ದೊಡ್ಡ ಫೋಲ್ಡರಿಗೆ ಆರ್ ಬಳಸುವವರು ಲೈಬ್ರರಿ ಎನ್ನುತ್ತಾರೆ. ಅದು ಎಲ್ಲಿದೆ ಎಂದು ತಿಳಿಯಲು ‘ಡಾಟ್ ಲಿಬ್‌ಪಾತ್ಸ್’ ಎಂದು ಕೇಳಿದರೆ ಆರ್ ಜಾಗದ ವಿಳಾಸ ತೋರಿಸುತ್ತದೆ. ಅಲ್ಲಿ ಯಾವುದಾದರೂ ಪ್ಯಾಕೇಜಿನ ಫೋಲ್ಡರು ತೆರೆದರೆ ‘ಡಿಸ್ಕ್ರಿಪ್ಷನ್’ ಎಂಬ ಒಂದು ಸಣ್ಣ ಫೈಲು ಸಿಗುತ್ತದೆ. ನೋಟ್‌ಪ್ಯಾಡಿನಲ್ಲೇ ಓದಬಹುದು, ಏನೂ ಕೆಡುವುದಿಲ್ಲ. ಪ್ಯಾಕೇಜಿನ ಹೆಸರು, ಅದರ ಆವೃತ್ತಿ, ಬರೆದವರು ಯಾರು, ಆರ್‌ನ ಯಾವ ಆವೃತ್ತಿಯಲ್ಲಿ ಕಟ್ಟಿದ್ದು, ಎಲ್ಲ ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಆ ಸಾಲುಗಳಲ್ಲಿ ‘ಇಂಪೋರ್ಟ್ಸ್’ ಎಂಬುದನ್ನು ಗಮನವಿಟ್ಟು ಓದಿ. ಈ ಪ್ಯಾಕೇಜು ಕೆಲಸ ಮಾಡಬೇಕಾದರೆ ಬೇರೆ ಯಾವ ಯಾವ ಪ್ಯಾಕೇಜುಗಳು ಇರಲೇಬೇಕು ಎಂಬ ಪಟ್ಟಿ ಅದು.

ಪಾಮರ್‌ಪೆಂಗ್ವಿನ್ಸ್‌ನಲ್ಲಿ ಅಂಥ ಸಾಲೇ ಇಲ್ಲ. ಅದು ಒಂಟಿಯಾಗಿ ಬಂದು ಒಂಟಿಯಾಗಿ ಇರುತ್ತದೆ. ಆದರೆ ‘ಜಿಜಿಪ್ಲಾಟ್2’ ತರಿಸಿ ನೋಡಿ. ಹ್ಯಾಡ್ಲಿ ವಿಕ್‌ಹ್ಯಾಮ್ ಎಂಬುವರು ಮಾಡಿದ ಈ ಪ್ಯಾಕೇಜು ಅಂದವಾದ ನಕ್ಷೆಗಳಿಗೆ ಹೆಸರುವಾಸಿ. ನೀವು ಕೇಳಿದ್ದು ಒಂದನ್ನೇ ಆದರೂ ಪರದೆಯ ಮೇಲೆ ಹೆಸರುಗಳ ಸಾಲು ಹರಿದುಹೋಗುತ್ತದೆ. ಅಳತೆಪಟ್ಟಿಗಳನ್ನು ನೋಡಿಕೊಳ್ಳಲು ‘ಸ್ಕೇಲ್ಸ್’ ಬರುತ್ತದೆ. ಆ ಸ್ಕೇಲ್ಸ್‌ಗೆ ಬಣ್ಣಗಳ ಲೆಕ್ಕಾಚಾರಕ್ಕೆ ‘ಫಾರ್ವರ್’ ಬೇಕು, ನಕ್ಷೆಯ ಅಂಚಿನಲ್ಲಿ ಅಂಕಿಗಳನ್ನು ಎಲ್ಲೆಲ್ಲಿ ಬರೆಯಬೇಕೆಂದು ಹೇಳಲು ‘ಲೇಬಲಿಂಗ್’ ಬೇಕು, ಬಣ್ಣಗುರುಡು ಇರುವವರಿಗೂ ಬೇರೆಬೇರೆಯಾಗಿ ಕಾಣುವ ಬಣ್ಣಗಳಿಗೆ ‘ವಿರಿಡಿಸ್‌ಲೈಟ್’ ಬೇಕು. ಹೀಗೆ ಒಂದರ ಬೆನ್ನಿಗೆ ಇನ್ನೊಂದು ಬರುತ್ತದೆ. ಒಬ್ಬರು ಮಾಡಿಟ್ಟ ಕೆಲಸವನ್ನು ಇನ್ನೊಬ್ಬರು ಮತ್ತೆ ಮೊದಲಿನಿಂದ ಮಾಡುವುದಿಲ್ಲ, ಅದರ ಮೇಲೆಯೇ ತಮ್ಮದನ್ನು ಕಟ್ಟುತ್ತಾರೆ.

ಲಗೋರಿ ಆಡಿದ್ದೀರಲ್ಲ? ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟಿರುತ್ತೀರಿ. ಮೇಲಿನ ಕಲ್ಲು ತೆಗೆದರೆ ಉಳಿದವಕ್ಕೆ ಏನೂ ಆಗುವುದಿಲ್ಲ. ಅಡಿಯದನ್ನು ಎಳೆದರೆ ಮೇಲಿನದೆಲ್ಲ ಬೀಳುತ್ತದೆ. ಪ್ಯಾಕೇಜುಗಳನ್ನು ಅಳಿಸುವಾಗಲೂ ಹಾಗೆಯೇ, ಆದರೆ ಒಂದು ವ್ಯತ್ಯಾಸವಿದೆ. ಲಗೋರಿ ಬೀಳುವುದು ಕಣ್ಣಿಗೆ ಕಾಣುತ್ತದೆ. ಇಲ್ಲಿ ಬಿದ್ದದ್ದು ಆಗಲೇ ಕಾಣುವುದಿಲ್ಲ.

ಅಳಿಸುವ ಕಮಾಂಡಿನ ಹೆಸರು ‘ರಿಮೂವ್ ಡಾಟ್ ಪ್ಯಾಕೇಜಸ್’. ಅದಕ್ಕೆ ‘ಸ್ಕೇಲ್ಸ್’ ಎಂಬ ಹೆಸರು ಕೊಟ್ಟರೆ ಅದು ಮರುಮಾತಿಲ್ಲದೆ ಅಳಿಸಿಬಿಡುತ್ತದೆ. ‘ಇದನ್ನು ನೆಚ್ಚಿಕೊಂಡು ಜಿಜಿಪ್ಲಾಟ್2 ಇದೆಯಲ್ಲ, ಪರವಾಗಿಲ್ಲವೇ?’ ಎಂದು ಕೇಳುವುದಿಲ್ಲ. ಜಿಜಿಪ್ಲಾಟ್2ರ ಫೋಲ್ಡರು ಇದ್ದಲ್ಲೇ ಇರುತ್ತದೆ, ಪಟ್ಟಿಯಲ್ಲಿ ಅದರ ಹೆಸರೂ ಇರುತ್ತದೆ. ಒಂದು ವಾರ ಬಿಟ್ಟು ನಕ್ಷೆ ಬರೆಯೋಣ ಎಂದು ಅದನ್ನು ಕರೆದಾಗ ಮಾತ್ರ ‘ಸ್ಕೇಲ್ಸ್ ಎಂಬ ಪ್ಯಾಕೇಜು ಇಲ್ಲ’ ಎಂಬ ದೂರು ಬರುತ್ತದೆ.

ಆದ್ದರಿಂದ ಅಳಿಸುವ ಮೊದಲು ನಾವೇ ವಿಚಾರಿಸಬೇಕು. ಆರ್ ಜೊತೆಯಲ್ಲೇ ಬರುವ ‘ಟೂಲ್ಸ್’ ಎಂಬ ಪ್ಯಾಕೇಜಿನಲ್ಲಿ ‘ಡಿಪೆಂಡ್ಸ್‌ಆನ್‌ಪಿಕೆಜಿಎಸ್’ ಎಂಬ ಸಾಧನವಿದೆ. ಅದಕ್ಕೆ ಒಂದು ಹೆಸರು ಕೊಟ್ಟರೆ, ನಿಮ್ಮ ಕಂಪ್ಯೂಟರಿನಲ್ಲಿರುವ ಪ್ಯಾಕೇಜುಗಳಲ್ಲಿ ಯಾವ ಯಾವುವು ಅದನ್ನು ನೆಚ್ಚಿಕೊಂಡಿವೆ ಎಂದು ಪಟ್ಟಿ ಕೊಡುತ್ತದೆ. ಪಟ್ಟಿ ಖಾಲಿ ಬಂದರೆ ಬೇರೆ ಯಾವ ಪ್ಯಾಕೇಜಿಗೂ ತೊಂದರೆಯಿಲ್ಲ.

ಆದರೂ ನಿಮಗೆ ತೊಂದರೆಯಾಗಬಹುದು! ಇದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ. ಯಾವ ಪ್ಯಾಕೇಜಿಗೆ ಯಾವುದು ಬೇಕು ಎಂಬುದು ಆರ್‌ಗೆ ಚೆನ್ನಾಗಿ ಗೊತ್ತು. ನಿಮಗೆ ಯಾವುದು ಬೇಕು ಎಂಬುದು ಅದಕ್ಕೆ ಗೊತ್ತಿಲ್ಲ. ನೀವೇ ಹೆಸರು ಹೇಳಿ ತರಿಸಿದ್ದು ಯಾವುದು, ಇನ್ನೊಂದರ ಬೆನ್ನುಹತ್ತಿ ಬಂದದ್ದು ಯಾವುದು ಎಂದು ಅದು ಎಲ್ಲೂ ಬರೆದಿಟ್ಟುಕೊಳ್ಳುವುದಿಲ್ಲ. ಉಬುಂಟುವಿನಂಥ ಲಿನಕ್ಸ್ ಕಂಪ್ಯೂಟರುಗಳು ತಮ್ಮ ತಂತ್ರಾಂಶಗಳ ವಿಷಯದಲ್ಲಿ ಈ ಗುರುತನ್ನು ಇಟ್ಟುಕೊಳ್ಳುತ್ತವೆ, ಬೇಡವಾದ ಜೊತೆಗಾರರನ್ನು ಒಂದು ಕಮಾಂಡು ಕೊಟ್ಟರೆ ಹುಡುಕಿ ತೆಗೆಯುತ್ತವೆ. ಆರ್ ಹಾಗೆ ಮಾಡುವುದಿಲ್ಲ. ಜಿಜಿಪ್ಲಾಟ್2 ಬೇಡವೆಂದು ಅಳಿಸಿದರೆ ಅದೊಂದೇ ಹೋಗುತ್ತದೆ. ಫಾರ್ವರ್, ಲೇಬಲಿಂಗ್, ವಿರಿಡಿಸ್‌ಲೈಟ್ ಎಲ್ಲ ಹಾಗೆಯೇ ಉಳಿದುಕೊಳ್ಳುತ್ತವೆ. ಅದಕ್ಕೇ ಪ್ಯಾಕೇಜು ತರಿಸಿದ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿಡಿ: ಹೆಸರು, ತಾರೀಕು, ಯಾವ ಕೆಲಸಕ್ಕೆ. ಇಷ್ಟು ಬರೆಯಲು ಅರ್ಧ ನಿಮಿಷ ಸಾಕು. ಮುಂದೆ ಗುಡಿಸುವ ದಿನ ಈ ಪುಟದಷ್ಟು ಉಪಯೋಗಕ್ಕೆ ಬರುವುದು ಬೇರೊಂದಿಲ್ಲ.

ಈಗ ಪೆಂಗ್ವಿನ್‌ಗಳ ಕತೆಗೆ ಬರೋಣ. 2025ರ ಏಪ್ರಿಲ್‌ನಲ್ಲಿ ಆರ್‌ನ 4.5.0 ಆವೃತ್ತಿ ಬಂತು. ಅದರ ಜೊತೆಗೇ ಬರುವ ‘ಡೇಟಾಸೆಟ್ಸ್’ ಎಂಬ ಪ್ಯಾಕೇಜಿನಲ್ಲಿ ಈಗ ಪೆಂಗ್ವಿನ್ ಅಳತೆಗಳು ಸೇರಿಕೊಂಡಿವೆ. ಬೇರೆಯಾಗಿ ಏನನ್ನೂ ತರಿಸಬೇಕಿಲ್ಲ. ಹಾಗಾದರೆ ಪಾಮರ್‌ಪೆಂಗ್ವಿನ್ಸ್ ಅಳಿಸಿಬಿಡಬಹುದಲ್ಲ? ಅದೇ ಹಕ್ಕಿಗಳು, ಅದೇ 344 ಸಾಲು, ಅದೇ 8 ಕಂಬಸಾಲು.

ಹತ್ತಿರದಿಂದ ನೋಡಿದರೆ ಒಂದು ಸಣ್ಣ ವ್ಯತ್ಯಾಸ ಕಾಣುತ್ತದೆ. ಹಳೆಯ ಪ್ಯಾಕೇಜಿನಲ್ಲಿ ರೆಕ್ಕೆಯ ಉದ್ದದ ಕಂಬಸಾಲಿನ ಹೆಸರು ‘ಫ್ಲಿಪರ್ ಲೆಂಗ್ತ್ ಎಂಎಂ’. ಹೊಸದರಲ್ಲಿ ಚುಟುಕಾಗಿ ‘ಫ್ಲಿಪರ್ ಲೆನ್’. ತೂಕಕ್ಕೆ ಮೊದಲು ‘ಬಾಡಿ ಮಾಸ್ ಜಿ’ ಎಂದಿತ್ತು, ಈಗ ಬರೀ ‘ಬಾಡಿ ಮಾಸ್’. ನೀವು ಹೋದ ವರ್ಷ ರೆಕ್ಕೆಯ ಸರಾಸರಿ ಉದ್ದ ಲೆಕ್ಕ ಹಾಕುವ ನಾಲ್ಕು ಸಾಲಿನ ಪ್ರೋಗ್ರಾಂ ಬರೆದಿದ್ದೀರಿ ಎಂದುಕೊಳ್ಳಿ. ಎರಡು ಹಕ್ಕಿಗಳ ರೆಕ್ಕೆಯ ಅಳತೆ ಪಟ್ಟಿಯಲ್ಲಿ ಇಲ್ಲ. ಆ ಖಾಲಿ ಜಾಗಗಳನ್ನು ಬಿಟ್ಟು ಲೆಕ್ಕ ಹಾಕು ಎಂದೂ ಸರಿಯಾಗಿ ಹೇಳಿದ್ದೀರಿ. ಉತ್ತರ 200.9 ಮಿಲಿಮೀಟರ್ ಬರುತ್ತಿತ್ತು. ಈಗ ಪ್ಯಾಕೇಜು ಅಳಿಸಿ ಆ ಪ್ರೋಗ್ರಾಂ ಓಡಿಸಿದರೆ, ಮೊದಲ ಸಾಲಿನಲ್ಲೇ ‘ಆ ಹೆಸರಿನ ಪ್ಯಾಕೇಜು ಇಲ್ಲ’ ಎಂದು ಆರ್ ನಿಲ್ಲುತ್ತದೆ. ಅದು ಒಳ್ಳೆಯದೇ, ತಪ್ಪು ಎಲ್ಲಿದೆ ಎಂದು ತಕ್ಷಣ ತಿಳಿಯಿತು. ‘ಹೇಗೂ ಪೆಂಗ್ವಿನ್ ಒಳಗೇ ಇದೆಯಲ್ಲ’ ಎಂದು ಆ ಸಾಲನ್ನು ತೆಗೆದು ಮತ್ತೆ ಓಡಿಸಿದಿರಿ ಅನ್ನಿ. ಈಗ ಹೊಸ ಪಟ್ಟಿಯಲ್ಲಿ ಹಳೆಯ ಹೆಸರನ್ನು ಹುಡುಕಿದಂತಾಯಿತು. ಆರ್ ಇಲ್ಲಿ ನಿಲ್ಲುವುದಿಲ್ಲ! ‘ಅಂಥ ಕಂಬಸಾಲಿನಲ್ಲಿ ಏನೂ ಇಲ್ಲ’ ಎಂದುಕೊಂಡು ಮುಂದೆ ಹೋಗುತ್ತದೆ, ಇಲ್ಲದ್ದರ ಸರಾಸರಿಯನ್ನು ಕೇಳಿದಾಗ ಒಂದು ಸಣ್ಣ ಎಚ್ಚರಿಕೆ ಕೊಟ್ಟು ‘ಎನ್‌ಎ’ ಎಂದು ಬರೆಯುತ್ತದೆ, ಅಂದರೆ ಉತ್ತರ ಸಿಗಲಿಲ್ಲ ಎಂದು. 344 ಹಕ್ಕಿಗಳೂ ಅಲ್ಲೇ ಇದ್ದು, ಸರಾಸರಿ ಮಾತ್ರ ಮಾಯ.

ಆದ್ದರಿಂದ ಈ ಪ್ಯಾಕೇಜನ್ನು ಅಳಿಸಬಹುದೇ ಎಂಬುದಕ್ಕೆ ಉತ್ತರ ನಿಮ್ಮ ಹಳೆಯ ಪ್ರೋಗ್ರಾಂಗಳಲ್ಲಿದೆ. ಅವುಗಳನ್ನು ತೆರೆದು ‘ಲೈಬ್ರರಿ’ ಎಂಬ ಪದ ಹುಡುಕಿ (ಪ್ಯಾಕೇಜನ್ನು ಕರೆಯುವ ಕಮಾಂಡಿನ ಹೆಸರೂ ಅದೇ). ಪಾಮರ್‌ಪೆಂಗ್ವಿನ್ಸ್ ಎಲ್ಲೂ ಇಲ್ಲದಿದ್ದರೆ ಧೈರ್ಯವಾಗಿ ಅಳಿಸಿ. ಇದ್ದರೆ ಕಂಬಸಾಲುಗಳ ಹೆಸರು ಬದಲಿಸಿ, ಮತ್ತೆ 200.9 ಬರುವುದನ್ನು ಕಣ್ಣಾರೆ ನೋಡಿ, ಆಮೇಲೆ ಅಳಿಸಿ. ಬದಲಿಸಲು ಬೇಸರವಾದರೆ ಅಳಿಸದೆ ಬಿಡಿ. ಅದು ತೀರಾ ಪುಟ್ಟ ಪ್ಯಾಕೇಜು, ಜಾಗ ತಿನ್ನುವುದಿಲ್ಲ.

ಜಾಗ ತಿನ್ನುವವು ಬೇರೆ ಇವೆ. ‘ಬಿಎಚ್’ ಎಂಬ ಪ್ಯಾಕೇಜೊಂದೇ ನೂರು ಎಂಬಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಅದರೊಳಗೆ ಇರುವುದು ಸಿ ಪ್ಲಸ್ ಪ್ಲಸ್ ಭಾಷೆಯ ಫೈಲುಗಳು. ಬೇರೆ ಪ್ಯಾಕೇಜನ್ನು ಮೂಲದಿಂದ ಕಟ್ಟುವಾಗ ಮಾತ್ರ ಅವು ಬೇಕು, ಕಟ್ಟಿ ಮುಗಿದ ಮೇಲೆ ಆ ಪ್ಯಾಕೇಜು ಓಡಲು ಬೇಡ. ಡಿಸ್ಕ್ರಿಪ್ಷನ್ ಫೈಲಿನಲ್ಲಿ ಇಂಥ ನಂಟನ್ನು ‘ಇಂಪೋರ್ಟ್ಸ್’ ಸಾಲಿನಲ್ಲಿ ಬರೆಯದೆ ‘ಲಿಂಕಿಂಗ್‌ಟು’ ಎಂಬ ಬೇರೆ ಸಾಲಿನಲ್ಲಿ ಬರೆದಿರುತ್ತಾರೆ. ಆ ಎರಡು ಸಾಲುಗಳ ಭೇದ ಗೊತ್ತಿದ್ದರೆ ಗುಡಿಸುವ ಕೆಲಸ ಅರ್ಧ ಹಗುರವಾಗುತ್ತದೆ.

ಕೈಯನ್ನೇ ಹಚ್ಚಬಾರದ ಪ್ಯಾಕೇಜುಗಳೂ ಇವೆ. ಆರ್ ಹಾಕಿಕೊಂಡಾಗ ಅದರ ಜೊತೆಗೇ ಬರುವ 14 ಮೂಲ ಪ್ಯಾಕೇಜುಗಳು ಅಂಥವು: ‘ಬೇಸ್’, ‘ಸ್ಟ್ಯಾಟ್ಸ್’, ‘ಗ್ರಾಫಿಕ್ಸ್’ ಇತ್ಯಾದಿ. ಇವು ಹೋದರೆ ಆರ್ ಆರ್ ಆಗಿಯೇ ಉಳಿಯುವುದಿಲ್ಲ. ಇವುಗಳ ಜೊತೆ ಇನ್ನೂ 15 ಶಿಫಾರಸು ಮಾಡಿದ ಪ್ಯಾಕೇಜುಗಳು ಸಾಮಾನ್ಯವಾಗಿ ಬಂದಿರುತ್ತವೆ. ಅವುಗಳನ್ನೂ ಇದ್ದಂತೆ ಬಿಟ್ಟುಬಿಡಿ. ಡಿಸ್ಕ್ರಿಪ್ಷನ್‌ನಲ್ಲಿ ‘ಪ್ರಯಾರಿಟಿ’ ಎಂಬ ಸಾಲು ಇದ್ದರೆ ಅದು ಈ 29ರ ಪೈಕಿಯದು ಎಂದು ತಿಳಿಯಿರಿ.

ಅಳಿಸಿದ್ದೇನೋ ಸರಿ, ಆದರೂ ಪ್ಯಾಕೇಜು ಇನ್ನೂ ಕೆಲಸ ಮಾಡುತ್ತಿದೆ ಎನ್ನುವ ವಿಚಿತ್ರವೂ ಆಗುತ್ತದೆ. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಇದು ಹೆಚ್ಚು. ಒಂದೇ ಕಂಪ್ಯೂಟರಿನಲ್ಲಿ ಎಲ್ಲರಿಗೂ ಸೇರಿದ ಒಂದು ಲೈಬ್ರರಿ ಇರುತ್ತದೆ, ಅದರೊಳಗೆ ಬರೆಯುವ ಅನುಮತಿ ವಿದ್ಯಾರ್ಥಿಗಳಿಗೆ ಇರುವುದಿಲ್ಲ. ಆಗ ಆರ್ ‘ನಿಮ್ಮದೇ ಸ್ವಂತ ಲೈಬ್ರರಿ ಮಾಡಿಕೊಡಲೇ?’ ಎಂದು ಕೇಳುತ್ತದೆ. ಹೂಂ ಎಂದರೆ ಎರಡು ಲೈಬ್ರರಿಗಳಾದವು. ಒಂದೇ ಪ್ಯಾಕೇಜು ಎರಡರಲ್ಲೂ ಇರಬಹುದು, ಒಂದರಲ್ಲಿ ಹೊಸದು, ಇನ್ನೊಂದರಲ್ಲಿ ಹಳೆಯದು. ಆರ್ ಮೊದಲು ನಿಮ್ಮದರಲ್ಲಿ ಹುಡುಕುತ್ತದೆ, ಅಲ್ಲಿ ಸಿಗದಿದ್ದರೆ ಎಲ್ಲರದರಲ್ಲಿ. ಅಳಿಸು ಎಂದಾಗ ನಿಮ್ಮದರಿಂದ ಮಾತ್ರ ಅಳಿಸಿ, ಯಾವ ಜಾಗದಿಂದ ತೆಗೆದೆ ಎಂದು ಹೇಳಿರುತ್ತದೆ. ಆ ಸಾಲನ್ನು ಓದದೆ ಬಿಟ್ಟರೆ, ಮುಂದಿನ ಸಲ ಹಳೆಯ ಪ್ರತಿ ಸದ್ದಿಲ್ಲದೆ ಕೆಲಸಕ್ಕೆ ಬಂದು ನಿಂತಿರುತ್ತದೆ. ಸದ್ಯಕ್ಕೆ ತೆರೆದಿರುವುದನ್ನು ಮುಚ್ಚುವುದು ಬೇರೆ, ಡಿಸ್ಕಿನಿಂದ ಅಳಿಸುವುದು ಬೇರೆ ಎಂಬುದೂ ನೆನಪಿರಲಿ. ತೆರೆದಿರುವ ಪ್ಯಾಕೇಜನ್ನು ವಿಂಡೋಸ್ ಪೂರ್ತಿ ಅಳಿಸಲು ಬಿಡದೆ ಇರಬಹುದು, ಏಕೆಂದರೆ ಅದರ ಫೈಲು ಆಗ ಬಳಕೆಯಲ್ಲಿರುತ್ತದೆ. ಆರ್ ಮುಚ್ಚಿ ಮತ್ತೆ ತೆರೆದು, ಬೇರೇನನ್ನೂ ಕರೆಯದೆ, ಮೊದಲು ಅಳಿಸುವ ಕೆಲಸ ಮಾಡಿದರೆ ಸಲೀಸು.

ನಮ್ಮ ಕಡೆ ಕರೆಂಟ್ ಹೋಗುವುದು ಹೊಸದೇನಲ್ಲ. ಲಿನಕ್ಸ್ ಕಂಪ್ಯೂಟರಿನಲ್ಲಿ ಪ್ಯಾಕೇಜನ್ನು ಮೂಲದಿಂದ ಕಟ್ಟಿ ಹಾಕಿಕೊಳ್ಳುತ್ತಿರುವಾಗ ಮಧ್ಯದಲ್ಲಿ ಕರೆಂಟ್ ಹೋಯಿತೆಂದರೆ, ಆಮೇಲೆ ಲೈಬ್ರರಿಯಲ್ಲಿ ‘00ಲಾಕ್’ ಎಂದು ಶುರುವಾಗುವ ಹೆಸರಿನ ಒಂದು ಫೋಲ್ಡರು ಕಾಣುತ್ತದೆ. ಮತ್ತೆ ಹಾಕಲು ಹೋದರೆ ‘ಬೀಗ ಹಾಕಿದೆ’ ಎಂಬ ಅರ್ಥದ ದೂರು. ಇದು ಹಾನಿ ಮಾಡುವ ಫೋಲ್ಡರಲ್ಲ, ನಮ್ಮ ಒಳ್ಳೆಯದಕ್ಕೇ ಹುಟ್ಟಿದ್ದು. ಹೊಸದನ್ನು ಹಾಕುವ ಮೊದಲು ಆರ್ ಹಳೆಯ ಪ್ರತಿಯನ್ನು ಈ ಫೋಲ್ಡರಿನೊಳಗೆ ಎತ್ತಿಡುತ್ತದೆ. ಹೊಸದು ಸರಿಯಾಗಿ ಕೂತರೆ ಬೀಗದ ಫೋಲ್ಡರನ್ನು ತಾನೇ ತೆಗೆಯುತ್ತದೆ. ಕೂರದಿದ್ದರೆ ಹಳೆಯದನ್ನು ವಾಪಸ್ಸು ತಂದಿಡುತ್ತದೆ. ಕರೆಂಟ್ ಹೋದಾಗ ಇವೆರಡರಲ್ಲಿ ಯಾವುದಕ್ಕೂ ಅದಕ್ಕೆ ಸಮಯ ಸಿಗಲಿಲ್ಲ, ಅಷ್ಟೇ. ಬೇರೆ ಯಾವ ಕಿಟಕಿಯಲ್ಲೂ ಆರ್ ಏನನ್ನೂ ಹಾಕಿಕೊಳ್ಳುತ್ತಿಲ್ಲ ಎಂದು ಖಚಿತಪಡಿಸಿಕೊಂಡು, ಆ ಫೋಲ್ಡರನ್ನು ಅಳಿಸಿ, ಪ್ಯಾಕೇಜನ್ನು ಮತ್ತೊಮ್ಮೆ ತರಿಸಿದರೆ ಸರಿಹೋಗುತ್ತದೆ.

ಗುಡಿಸಲು ಒಳ್ಳೆಯ ದಿನ ಯಾವುದು ಎಂದು ಕೇಳಿದರೆ, ಆರ್‌ನ ಹೊಸ ಆವೃತ್ತಿ ಹಾಕಿಕೊಳ್ಳುವ ದಿನ ಎನ್ನುತ್ತೇನೆ. ಈಚಿನ ವರ್ಷಗಳಲ್ಲಿ ದೊಡ್ಡ ಬದಲಾವಣೆಯ ಆವೃತ್ತಿ ವರ್ಷಕ್ಕೊಮ್ಮೆ, ಏಪ್ರಿಲ್ ಇಲ್ಲವೇ ಮೇ ತಿಂಗಳ ಸುಮಾರಿಗೆ, ಅಂದರೆ ನಿಮ್ಮ ಬೇಸಿಗೆ ರಜೆಯ ಹೊತ್ತಿಗೇ ಬಂದಿದೆ. 4.4ರಿಂದ 4.5ಕ್ಕೆ ಹೋದಾಗ ವಿಂಡೋಸ್‌ನಲ್ಲಿ ನಿಮ್ಮ ಸ್ವಂತ ಲೈಬ್ರರಿ ಖಾಲಿಯಾಗಿ ಶುರುವಾಗುತ್ತದೆ. ಹಳೆಯದು ಹಾಳಾಗಿರುವುದಿಲ್ಲ, 4.4 ಎಂಬ ಹೆಸರಿನ ಫೋಲ್ಡರಿನಲ್ಲಿ ಹಾಗೆಯೇ ಇರುತ್ತದೆ. ಎಲ್ಲವನ್ನೂ ಅಲ್ಲಿಂದ ಇಲ್ಲಿಗೆ ನಕಲು ಮಾಡಿಬಿಡುವ ಆಸೆ ಬರುತ್ತದೆ. ಹಾಗೆ ಮಾಡಬೇಡಿ. ಹಳೆಯ ಆರ್‌ನಲ್ಲಿ ಕಟ್ಟಿದ ಪ್ಯಾಕೇಜು ಹೊಸದರಲ್ಲಿ ಸರಿಯಾಗಿ ಓಡುತ್ತದೆಂಬ ಭರವಸೆಯಿಲ್ಲ. 2020ರಲ್ಲಿ 4.0.0 ಬಂದಾಗ ಎಲ್ಲ ಪ್ಯಾಕೇಜುಗಳನ್ನೂ ಮತ್ತೆ ಹಾಕಿಕೊಳ್ಳಲೇಬೇಕಾಗಿತ್ತು. ನೋಟ್‌ಬುಕ್ಕಿನ ಪುಟ ತೆಗೆದು, ಅದರಲ್ಲಿ ಈಗಲೂ ಬೇಕಾದವನ್ನು ಮಾತ್ರ ತರಿಸಿ. ಅವುಗಳಿಗೆ ಬೇಕಾದ ಜೊತೆಗಾರರು ತಾವಾಗಿ ಬರುತ್ತಾರೆ. ಒಂದೆರಡು ವಾರ ಕೆಲಸ ಮಾಡಿ ನೋಡಿ, ಏನೂ ತೊಂದರೆಯಿಲ್ಲವೆಂದ ಮೇಲೆ 4.4ರ ಫೋಲ್ಡರನ್ನು ಅಳಿಸಬಹುದು.

ಈಗ ನಿಮಗೆ ಮಾಡಿ ನೋಡಲು ಒಂದು ಕೆಲಸ. ‘ಇನ್‌ಸ್ಟಾಲ್ಡ್ ಡಾಟ್ ಪ್ಯಾಕೇಜಸ್’ ಎಂದು ಕೇಳಿ. ಒಂದು ದೊಡ್ಡ ಕೋಷ್ಟಕ ಬರುತ್ತದೆ. ಪ್ಯಾಕೇಜಿಗೆ ಒಂದರಂತೆ ಅಡ್ಡಸಾಲು, ಒಟ್ಟು 16 ಕಂಬಸಾಲು: ಹೆಸರು, ಇರುವ ಜಾಗ, ಆವೃತ್ತಿ, ಇಂಪೋರ್ಟ್ಸ್, ಯಾವ ಆರ್‌ನಲ್ಲಿ ಕಟ್ಟಿದ್ದು, ಹೀಗೆ. ಪೆಂಗ್ವಿನ್‌ಗಳ ಕೋಷ್ಟಕದಂತೆ ಇದೂ ಅಂಕಿಅಂಶವೇ, ನಿಮ್ಮದೇ ಕಂಪ್ಯೂಟರಿನದು. ಪ್ರತಿಯೊಂದು ಪ್ಯಾಕೇಜನ್ನು ಎಷ್ಟು ಪ್ಯಾಕೇಜುಗಳು ನೆಚ್ಚಿಕೊಂಡಿವೆ ಎಂದು ಎಣಿಸಿ ಸ್ತಂಭನಕ್ಷೆ ಬರೆಯಿರಿ. ಜಿಜಿಪ್ಲಾಟ್2 ಇರುವ ಕಂಪ್ಯೂಟರಾದರೆ ‘ಆರ್‌ಲ್ಯಾಂಗ್’, ‘ಸಿಎಲ್‌ಐ’ ಎಂಬ, ನೀವು ಯಾವತ್ತೂ ಕೇಳಿ ತರಿಸದ ಹೆಸರುಗಳ ಕಂಬಗಳು ಎತ್ತರವಾಗಿ ಕಾಣುವ ಸಂಭವ ಹೆಚ್ಚು. ಇನ್ನೊಂದು ತುದಿಯಲ್ಲಿ ಸೊನ್ನೆಯವು ಇರುತ್ತವೆ. ಅವುಗಳಲ್ಲಿ ನಿಮ್ಮ ನೋಟ್‌ಬುಕ್ಕಿನಲ್ಲೂ ಇಲ್ಲದ, ಯಾವ ಪ್ರೋಗ್ರಾಮಿನಲ್ಲೂ ಕರೆಯದ, 29ರ ಪೈಕಿಯೂ ಅಲ್ಲದ ಪ್ಯಾಕೇಜುಗಳನ್ನು ಆರಿಸಿ ಅಳಿಸಿ. ಅವು ಹೋದ ಮೇಲೆ ಮತ್ತೆ ಎಣಿಸಿದರೆ ಇನ್ನಷ್ಟು ಸೊನ್ನೆಗಳು ಹೊಸದಾಗಿ ಕಾಣುತ್ತವೆ. ಅವು ಅಳಿಸಿದವುಗಳ ಬೆನ್ನುಹತ್ತಿ ಬಂದಿದ್ದ ಜೊತೆಗಾರರು. ಕೈತಪ್ಪಿ ಬೇಕಾದ್ದೇ ಹೋದರೂ ಹೆದರಬೇಡಿ, ಕ್ರಾನ್‌ನಿಂದ ಮತ್ತೆ ತರಿಸಬಹುದು. ನೋಡಿಕೊಳ್ಳುವವರಿಲ್ಲದೆ ಕ್ರಾನ್ ತನ್ನ ಮುಖ್ಯ ಪಟ್ಟಿಯಿಂದ ತೆಗೆದ ಪ್ಯಾಕೇಜುಗಳ ಹಳೆಯ ಆವೃತ್ತಿಗಳು ಕೂಡ ಅಲ್ಲಿನ ‘ಆರ್ಕೈವ್’ ವಿಭಾಗದಲ್ಲಿ ಇರುತ್ತವೆ.